ತೆಂಗಿನಕಾಯಿ ಕಟ್ಟಿ ತೂಗಿದ ಭಾನುವಾರ

ಎರಡು ವಾರದ ಹಿಂದೆ ಊರಿಗೆ ಹೋಗಿದ್ದೆ. ಊರು ಅಂದರೆ ತಿಪಟೂರಿನ ಪಕ್ಕದ ಒಂದು ಹಳ್ಳಿ. ಬೆಂಗಳೂರಿಂದ ಅಂಥ ದೂರವೇನಲ್ಲ, ಆದರೂ ಹಬ್ಬ ಬಂದರೆ ಮಾತ್ರ ನೆನಪಾಗುವ ದೂರ. ಈ ಸಲ ಹಬ್ಬ ಇರಲಿಲ್ಲ. ಅಕ್ಕ ಫೋನ್ ಮಾಡಿ, "ಇವಳು ಫಿಸಿಕ್ಸ್ ಪುಸ್ತಕ ತೆಗೆದ್ರೆ ಮುಖ ಊದಿಸ್ಕೊಂಡು ಕೂರ್ತಾಳೆ ಕಣೇ. ಬಂದು ಎರಡು ದಿನ ಹೇಳಿಕೊಟ್ಟು ಹೋಗು. ಎಂಜಿನಿಯರಿಂಗ್ ಓದಿದ್ದು ಮತ್ಯಾಕೆ?" ಅಂದಳು. ಎಂಜಿನಿಯರಿಂಗ್ ಓದಿದ್ದು ಯಾಕೆ ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲದ್ದರಿಂದ ಟಿಕೆಟ್ ಬುಕ್ ಮಾಡಿದೆ.

ಇವಳು ಅಂದರೆ ಅಕ್ಕನ ಮಗಳು, ಮನೆಯವರಿಗೆಲ್ಲ ಪುಟ್ಟಿ. ಈಗ ಫಸ್ಟ್ ಪಿಯುಸಿ.

ಶನಿವಾರ ಮಧ್ಯಾಹ್ನ ನಾನು ಹೋದಾಗ ಪುಟ್ಟಿ ಮುಖ ಊದಿಸಿಕೊಂಡೇನೂ ಇರಲಿಲ್ಲ. ಮೊಬೈಲ್ ಒಂದು ಕೈಲಿ, ಪೆನ್ನು ಒಂದು ಕೈಲಿ, ಚಕಚಕ ಅಂತ ಪ್ರಾಕ್ಟಿಕಲ್ ರೆಕಾರ್ಡ್ ತುಂಬಿಸ್ತಾ ಇದ್ದಳು. ಪ್ರಯೋಗ: ಸರಳ ಲೋಲಕ. ದಾರಕ್ಕೆ ಗುಂಡು ಕಟ್ಟಿ ತೂಗುಬಿಟ್ಟು, ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿ, ಅದರಿಂದ ಗುರುತ್ವ ವೇಗೋತ್ಕರ್ಷ, ಅಂದರೆ ನಮ್ಮೆಲ್ಲರ ಹಳೇ ಪರಿಚಯದ 'ಜಿ', ಕಂಡುಹಿಡಿಯೋದು. ನೀವು ಸೈನ್ಸ್ ತಗೊಂಡಿದ್ದರೆ ನೀವೂ ಮಾಡಿರ್ತೀರಿ. ಅಥವಾ ಮಾಡಿದ ಹಾಗೆ ಬರೆದಿರ್ತೀರಿ.

ಅವಳ ಮೊಬೈಲಲ್ಲಿ ಒಂದು ಲೋಲಕ ತೂಗಾಡ್ತಾ ಇತ್ತು. ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದ 'ಫೆಟ್' ಸಿಮ್ಯುಲೇಷನ್. ಭೌತಶಾಸ್ತ್ರಕ್ಕೆ 2001ರಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಪೂರ್ತಿ ಉಚಿತ, ಬ್ರೌಸರ್‌ನಲ್ಲೇ ಓಡುತ್ತೆ. ದಾರದ ಉದ್ದ ಒಂದು ಮೀಟರ್‌ವರೆಗೆ ಎಳೀಬಹುದು, ಗುಂಡಿನ ತೂಕ ಹೆಚ್ಚು ಕಡಿಮೆ ಮಾಡಬಹುದು, ಭೂಮಿ ಬೇಡ ಅಂದರೆ ಚಂದ್ರ, ಗುರುಗ್ರಹ. ಎಷ್ಟು ಗುರುತ್ವ ಅಂತ ಹೇಳದೇ ಇರುವ 'ಗ್ರಹ ಎಕ್ಸ್' ಕೂಡ ಇದೆ. ಅದರ ಲೆಕ್ಕ ನಾವೇ ಕಂಡುಹಿಡೀಬೇಕು. ಒಂದು ತೂಗಾಟಕ್ಕೆ ಎಷ್ಟು ಹೊತ್ತು ಅನ್ನೋದನ್ನ ಅದೇ ಅಳೆದು ಕೊಡುತ್ತೆ. ಬಹಳ ಚೆನ್ನಾಗಿದೆ, ಹೊಟ್ಟೆಕಿಚ್ಚು ಬರುವಷ್ಟು.

ರೆಕಾರ್ಡ್ ನೋಡಿದೆ. ಐದು ಸಾಲು. 9.81, 9.80, 9.81, 9.81, 9.80.

"ಲ್ಯಾಬಲ್ಲಿ ಮಾಡ್ಲಿಲ್ವೇನೇ?"

"ಒಂದು ಸ್ಟ್ಯಾಂಡಿಗೆ ಎಂಟು ಜನ ಚಿಕ್ಕಿ. ನಮ್ಮ ಬ್ಯಾಚಲ್ಲಿ ಎಣಿಸಿದ್ದು ಒಬ್ಬಳು, ವಾಚ್ ಹಿಡಿದಿದ್ದು ಇನ್ನೊಬ್ಬಳು. ನಾನು ಬೆನ್ನು ನೋಡಿದೆ. ಅವರ ರೀಡಿಂಗೂ ಸರಿ ಬರ್ಲಿಲ್ಲ. ಇದ್ರಲ್ಲಿ ಹತ್ತೇ ನಿಮಿಷ, ಕರೆಕ್ಟಾಗಿ ಬರುತ್ತೆ."

ಇಲ್ಲಿ ಚಿಕ್ಕಮ್ಮನಾದವಳು ಎರಡು ಬುದ್ಧಿಮಾತು ಹೇಳಬೇಕಿತ್ತು. ಹೇಳೋಕೆ ಬಾಯಿ ಬರಲಿಲ್ಲ. ಯಾಕೆ ಅಂದರೆ, ಹದಿಮೂರು ಹದಿನಾಲ್ಕು ವರ್ಷದ ಹಿಂದೆ ನಾನು ಇದೇ ಪ್ರಯೋಗದ ರೆಕಾರ್ಡನ್ನ ಉಲ್ಟಾ ಬರೆದಿದ್ದೆ. ಮೊದಲು ಕೊನೆಯ ಕಾಲಂನಲ್ಲಿ 9.8ರ ಸುತ್ತಮುತ್ತ ಐದು ಅಂಕಿ, ಆಮೇಲೆ ಕ್ಯಾಲ್ಕುಲೇಟರ್ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿ ಸಮಯ. ಅನುಮಾನ ಬರಬಾರದು ಅಂತ ನಡುವೆ ಒಂದು 9.74 ಬೇರೆ ತುರುಕಿದ್ದೆ. ಇಡೀ ಬೆಂಚು ಹಾಗೇ ಮಾಡಿತ್ತು. ರೆಕಾರ್ಡಿಗೆ ಸೈನೂ ಬಿತ್ತು, ಪೂರ್ತಿ ಅಂಕವೂ ಬಂತು. ಇದನ್ನು ಇಷ್ಟು ವರ್ಷ ತಮಾಷೆಯ ಕಥೆ ಅಂತ ಆಫೀಸಿನ ಕ್ಯಾಂಟೀನಿನಲ್ಲಿ ಹೇಳ್ತಾ ಬಂದಿದ್ದೀನಿ. ಅವತ್ತು ಪುಟ್ಟಿ ಪಕ್ಕದಲ್ಲಿ ಕೂತಾಗ ಅಷ್ಟೇನೂ ತಮಾಷೆ ಅನ್ನಿಸಲಿಲ್ಲ.

ಪುಟ್ಟಿ ನನಗಿಂತ ಮೇಲು. ಅವಳು ಕನಿಷ್ಠ ಒಂದು ಲೋಲಕವನ್ನಾದರೂ ನೋಡಿಕೊಂಡು ಬರೆದಿದ್ದಳು.

ಬುದ್ಧಿಮಾತು ಬಿಟ್ಟು ನನಗೆ ಗೊತ್ತಿರೋ ದಾರಿ ಹಿಡಿದೆ. "ಇದನ್ನ ಒಳಗೆ ಹೇಗೆ ಬರೆದಿರ್ತಾರೆ ಅಂತ ತೋರಿಸ್ಲಾ? ನಾವೇ ಒಂದು ಮಾಡೋಣ" ಅಂದೆ. ಹೇಳಿಕೊಡೋ ಆಸೆ ಅರ್ಧ, ಹಮ್ಮು ಅರ್ಧ. ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪ್ ತೆಗೆದು ಕೂತೆ. ಬ್ರೌಸರ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂ, ಅರವತ್ತು ಎಪ್ಪತ್ತು ಸಾಲು. ಅದರಲ್ಲಿ ನಿಜವಾದ ಲೋಲಕ ಇರೋದು ಮೂರೇ ಸಾಲಲ್ಲಿ, ಮಿಕ್ಕಿದ್ದೆಲ್ಲ ಚಿತ್ರ ಬರೆಯೋ ಕೆಲಸ.

ಆ ಮೂರು ಸಾಲು ಹೀಗೆ. ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಲ್ಪಡುತ್ತೆ. ಪ್ರತಿ ಸಲವೂ, ಗುಂಡು ಈಗ ಎಷ್ಟು ಕೋನದಲ್ಲಿದೆ ನೋಡಿ ಅದನ್ನು ನಡುವಿಗೆ ಎಳೆಯೋ ಬಲ ಎಷ್ಟು ಅಂತ ಲೆಕ್ಕ ಹಾಕು. ಆಮೇಲೆ ಈಗಿನ ವೇಗದಲ್ಲಿ ಕೋನವನ್ನ ಒಂಚೂರು ಮುಂದೆ ತಳ್ಳು. ಆಮೇಲೆ ಬಲಕ್ಕೆ ತಕ್ಕ ಹಾಗೆ ವೇಗ ಬದಲಾಯಿಸು. ಅಷ್ಟೇ. 'ಟಿ ಈಕ್ವಲ್ಸ್ ಟು ಪೈ ರೂಟ್ ಎಲ್ ಬೈ ಜಿ' ಅನ್ನೋ ಸೂತ್ರ ಎಲ್ಲೂ ಇಲ್ಲ. ಪುಟ್ಟಿಗೆ ಇದೇ ಆಶ್ಚರ್ಯ. "ಫಾರ್ಮುಲಾ ಹಾಕ್ದೇ ಹೆಂಗೆ ಗೊತ್ತಾಗುತ್ತೆ ಅದಕ್ಕೆ?" ಅಂದಳು. ಅದಕ್ಕೇನೂ ಗೊತ್ತಾಗೋದಿಲ್ಲ, ಒಂದೊಂದೇ ಹೆಜ್ಜೆ ಇಡುತ್ತೆ, ಆ ಹೆಜ್ಜೆಗಳೆಲ್ಲ ಸೇರಿ ತೂಗಾಟ ಆಗುತ್ತೆ ಅಂದೆ. ಎಷ್ಟು ಚೆನ್ನಾಗಿ ಹೇಳಿದೆ ಅಂತ ನನಗೇ ಖುಷಿ ಆಯ್ತು.

ಉದ್ದ ಒಂದು ಮೀಟರ್, ಶುರುವಿನ ಕೋನ 10 ಡಿಗ್ರಿ. ರನ್ ಮಾಡಿದೆ. ನೀಲಿ ಗುಂಡು ಆ ಕಡೆ ಈ ಕಡೆ ಚೆಂದವಾಗಿ ತೂಗಿತು. ನಾನು ಗೆದ್ದ ಮುಖದಲ್ಲಿ ಅಕ್ಕನ ಕಡೆ ನೋಡ್ತಾ ಇದ್ದೆ.

"ಚಿಕ್ಕಿ, ಇದು ಮೇಲೆ ಹೋಗ್ತಿದೆ."

"ಹೋಗುತ್ತೆ, ಮತ್ತೆ ಕೆಳಗೆ ಬರುತ್ತೆ."

"ಅಲ್ಲ. ಬಿಟ್ಟಿದ್ದಕ್ಕಿಂತ ಮೇಲೆ ಹೋಗ್ತಿದೆ. ಪ್ರತಿ ಸಲ."

ನೋಡಿದೆ. ಹತ್ತು ಸೆಕೆಂಡ್ ಆಗೋ ಹೊತ್ತಿಗೆ 10 ಡಿಗ್ರಿಯದ್ದು ಇಪ್ಪತ್ತು ದಾಟಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಜಾತ್ರೆಯ ತೊಟ್ಟಿಲಿನ ಹಾಗೆ ಏರೋಕೆ ಶುರುವಾಯ್ತು. ಯಾರೂ ತಳ್ಳದೇ, ತನ್ನಷ್ಟಕ್ಕೆ ತಾನೇ. ಕೆಲಸಕ್ಕೆ ಸೇರಿ ಎಂಟು ವರ್ಷ ಆಗಿದೆ ನನಗೆ.

ನನ್ನ ಮೊದಲ ಬುದ್ಧಿ ಏನು ಗೊತ್ತಾ? ಮೆಲ್ಲಗೆ ಒಂದು ಘರ್ಷಣೆಯ ಸಾಲು ಸೇರಿಸಿ ಏರೋದನ್ನ ಅದುಮಿಬಿಡೋಣ ಅನ್ನೋದು. ಹೊರಗೆ ನೋಡೋಕೆ ಸರಿ ಕಾಣುತ್ತೆ, ಅವಳಿಗೂ ಗೊತ್ತಾಗಲ್ಲ. ಕೀಬೋರ್ಡ್ ಮೇಲೆ ಕೈ ಇಟ್ಟೂ ಆಗಿತ್ತು. ಅದು ಅದೇ 9.74ರ ಕೈ. ತೆಗೆದೆ.

ತಪ್ಪು ಎಲ್ಲಿತ್ತು ಅಂದರೆ, ಕೋನವನ್ನ ಮುಂದೆ ತಳ್ಳುವಾಗ ನಾನು ಹಳೇ ವೇಗ ಬಳಸ್ತಾ ಇದ್ದೆ. ಗುಂಡು ಮೇಲೆ ಏರುವಾಗ ಅದರ ವೇಗ ಪ್ರತಿ ಕ್ಷಣ ಕಡಿಮೆ ಆಗ್ತಾ ಇರುತ್ತೆ. ನಾನು ಕೊಡ್ತಾ ಇದ್ದದ್ದು ಒಂದು ಹೆಜ್ಜೆ ಹಿಂದಿನ, ಸ್ವಲ್ಪ ಜಾಸ್ತಿ ವೇಗ. ಹಾಗಾಗಿ ಪ್ರತಿ ಹೆಜ್ಜೆಗೂ ಹೋಗಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಮುಂದೆ. ಸೆಕೆಂಡಿಗೆ ಅರವತ್ತು ಕೂದಲೆಳೆ. ಎಲ್ಲಿಂದಲೋ ಶಕ್ತಿ ಬಂದು ಸೇರಿಕೊಳ್ತಾ ಹೋಗುತ್ತೆ. ಇದಕ್ಕೆ ಆಯ್ಲರ್ ವಿಧಾನ ಅಂತ ಹೆಸರು, ಇದರ ಈ ಚಾಳಿ ಪುಸ್ತಕಗಳಲ್ಲೇ ಇದೆ. ಐದನೇ ಸೆಮಿಸ್ಟರಿಗೆ ಓದಿ ಪರೀಕ್ಷೆ ಬರೆದು ಮರೆತಿದ್ದೆ. ಪರಿಹಾರ ಇನ್ನೂ ನಾಚಿಕೆಗೇಡು: ಕೊನೆಯ ಎರಡು ಸಾಲನ್ನ ಅದಲುಬದಲು ಮಾಡಿದರೆ ಸಾಕು. ಮೊದಲು ವೇಗ ಬದಲಾಯಿಸು, ಆ ಹೊಸ ವೇಗದಲ್ಲಿ ಕೋನ ತಳ್ಳು. ಒಂದು ಅಕ್ಷರ ಹೊಸದಾಗಿ ಬರೆಯೋ ಹಾಗಿಲ್ಲ. ಮಾಡಿದೆ. ಗುಂಡು ಬಿಟ್ಟ ಎತ್ತರಕ್ಕೇ ಹೋಗಿ ವಾಪಸ್ ಬಂತು. ಅರ್ಧ ಗಂಟೆ ಬಿಟ್ಟು ನೋಡಿದರೂ ಅಲ್ಲೇ.

ಪುಟ್ಟಿ ಗಲ್ಲಕ್ಕೆ ಕೈ ಇಟ್ಟುಕೊಂಡು ನೋಡ್ತಾ ಇದ್ದವಳು ಕೇಳಿದಳು: "ಹಂಗಾದ್ರೆ ಫೆಟ್‌ದೂ ಯಾರೋ ಬರೆದಿರೋದೇ ಅಲ್ವಾ? ಅದು ಸರಿ ಇದೆ ಅಂತ ಹೆಂಗೆ ಗೊತ್ತು?"

ಅವರು ದೊಡ್ಡವರು, ಪರೀಕ್ಷೆ ಮಾಡಿರ್ತಾರೆ ಅನ್ನಬಹುದಿತ್ತು, ಅದು ನಿಜವೂ ಹೌದು. ಆದರೆ ಅವರೂ ಕೊನೆಗೆ ಯಾವುದರ ಜೊತೆ ಹೋಲಿಸಿ ಪರೀಕ್ಷೆ ಮಾಡಿದ್ದು? ಸೂತ್ರದ ಜೊತೆ. ಸೂತ್ರವನ್ನ ಯಾವುದರ ಜೊತೆ? "ನಾಳೆ ಬೆಳಿಗ್ಗೆ ಒಂದು ಹುರಿ ಹುಡುಕು" ಅಂದೆ.

ನಮ್ಮ ಮನೆ ಜಗಲಿಯ ತೊಲೆಯಲ್ಲಿ ಒಂದು ಕಬ್ಬಿಣದ ಬಳೆ ಇದೆ. ಹಿಂದೆ ತೊಟ್ಟಿಲು ಕಟ್ತಾ ಇದ್ದದ್ದು ಅದಕ್ಕೇ, ಪುಟ್ಟಿಯನ್ನೂ ಅದರಲ್ಲೇ ತೂಗಿದ್ದು. ಭಾನುವಾರ ತಿಂಡಿ ಆದಮೇಲೆ ಅದಕ್ಕೆ ಹುರಿ ಕಟ್ಟಿ, ತುದಿಗೆ ಒಂದು ಸುಲಿದ ತೆಂಗಿನಕಾಯಿ ಬಿಗಿದೆವು. ನಮ್ಮ ಸೀಮೆಯಲ್ಲಿ ದುಂಡಗಿನ, ಭಾರದ ವಸ್ತು ಬೇಕು ಅಂದರೆ ಬೇರೆ ಯೋಚನೆ ಬರೋದಿಲ್ಲ. "ಒಡೆದು ಹಾಕ್ಬೇಡ್ರೇ, ನಾಳೆ ಚಟ್ನಿಗೆ ಬೇಕು" ಅಂತ ಅಕ್ಕ ಒಳಗಿಂದ ಕೂಗಿದಳು. ಬಳೆಯಿಂದ ಕಾಯಿಯ ನಡುಭಾಗಕ್ಕೆ 2.04 ಮೀಟರ್. ಕಾಯಿಯನ್ನ ಒಂದು ಗೇಣಷ್ಟೇ ಎಳೆದು ಬಿಟ್ಟಳು. ನಾನು ಮೊಬೈಲಿನ ಸ್ಟಾಪ್‌ವಾಚ್ ಹಿಡಿದೆ, ಅವಳು ಎಣಿಸಿದಳು. ಇಪ್ಪತ್ತಕ್ಕೆ 54.8 ಸೆಕೆಂಡ್.

ಲೆಕ್ಕ ಹಾಕಿದಳು. ಜಿ ಬಂದದ್ದು 10.7.

"ನೋಡಿದ್ಯಾ" ಅಂದಳು. ಧ್ವನಿಯಲ್ಲಿ ಲ್ಯಾಬಿನ ಇಡೀ ಬೇಸರ ಇತ್ತು. "ನಿಜವಾಗ್ಲೂ ಮಾಡಿದ್ರೆ ಯಾವತ್ತೂ ಬರಲ್ಲ."

ಇನ್ನೊಂದು ಸಲ ಮಾಡಿದೆವು. ಮತ್ತೆ 10.7. ನನಗೆ ಅನುಮಾನ ಬಂದದ್ದು ಅಲ್ಲೇ. ಕೈತಪ್ಪು ಆಗಿದ್ದರೆ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಬರಬೇಕು. ಎರಡು ಸಲವೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಜಾರಿದರೆ ಅದು ಕೈತಪ್ಪಲ್ಲ, ಬಗ್. ಮೂರನೇ ಸಲ ವಾಚ್ ಬಿಟ್ಟು ಅವಳು ಎಣಿಸೋದನ್ನ ಕೇಳಿಸಿಕೊಂಡೆ. ಕಾಯಿ ಕೈಬಿಟ್ಟ ತಕ್ಷಣ ಅವಳು "ಒಂದು" ಅಂದಳು.

ಆಗಿನ್ನೂ ಒಂದೂ ಆಗಿಲ್ಲ. ಹೋಗಿ ವಾಪಸ್ ಬಂದಾಗ ಒಂದು. ಬಿಡುವಾಗ ಅನ್ನಬೇಕಾದ್ದು "ಸೊನ್ನೆ". ಅವಳು ಇಪ್ಪತ್ತು ಅಂದಾಗ ನಿಜವಾಗಿ ಆಗಿದ್ದದ್ದು 19. ಪ್ರೋಗ್ರಾಂ ಬರೆಯೋರು ವಾರಕ್ಕೊಮ್ಮೆಯಾದರೂ ಮಾಡೋ ತಪ್ಪು ಇದು. ಇಪ್ಪತ್ತು ಕಂಬ ನೆಟ್ಟರೆ ನಡುವೆ ಇರೋದು 19 ಅಂಕಣ. ಸಮಯದ ವರ್ಗದಿಂದ ಭಾಗಿಸೋದರಿಂದ ಒಂದು ಎಣಿಕೆಯ ತಪ್ಪು ಜಿಯಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚಾಗಿ ಕಾಣುತ್ತೆ. ಪುಟ್ಟಿ ಕ್ಯಾಲ್ಕುಲೇಟರಿನಲ್ಲಿ 20ರ ಜಾಗಕ್ಕೆ 19 ಹಾಕಿ ನೋಡಿದಳು. 9.68. ಏನೂ ಮಾತಾಡಲಿಲ್ಲ. ಹೋಗಿ ತಾನೇ ಕಾಯಿ ಎಳೆದು, "ಸೊನ್ನೆ" ಅಂದು ಬಿಟ್ಟಳು.

57.8. 57.3. 57.9. ಸರಾಸರಿ ತೆಗೆದರೆ ಜಿ 9.69.

ಅವಳ ಬ್ಯಾಚಿನ ರೀಡಿಂಗೂ ಹೀಗೇ ಕೆಟ್ಟಿತ್ತೋ ಏನೋ. ಸಿಮ್ಯುಲೇಷನ್ ಈ ತಪ್ಪನ್ನ ಯಾವತ್ತೂ ಹಿಡಿಯೋದಿಲ್ಲ, ಯಾಕೆಂದರೆ ಅಲ್ಲಿ ಎಣಿಸೋರೂ ಅದೇ, ವಾಚ್ ಹಿಡಿಯೋರೂ ಅದೇ. ನಮ್ಮ ಕೈಗೆ ತಪ್ಪು ಮಾಡೋ ಅವಕಾಶವೇ ಇಲ್ಲ.

ಆಮೇಲೆ ಬೆಳಗ್ಗೆಯೆಲ್ಲ ಜಗಲಿ ಬಿಟ್ಟು ಏಳಲಿಲ್ಲ. ಕಾಯಿ ಬಿಚ್ಚಿ ಕೊಬ್ಬರಿ ಗಿಟುಕು ಕಟ್ಟಿದಳು. ತೂಕ ಹೆಚ್ಚುಕಡಿಮೆ ಕಾಲುಭಾಗ, ಸಮಯ 57.4, ಅಂದರೆ ಅಷ್ಟೇ. ತೂಕಕ್ಕೂ ಸಮಯಕ್ಕೂ ಸಂಬಂಧ ಇಲ್ಲ ಅಂತ ಪುಸ್ತಕದಲ್ಲಿ ಅವಳು ಕೆಂಪು ಪೆನ್ನಲ್ಲಿ ಗೆರೆ ಎಳೆದಿದ್ದ ಸಾಲು ಅದು. "ಅಯ್ಯೋ, ನಿಜ!" ಅಂದಳು. ಮತ್ತೆ ಕಾಯಿ ಕಟ್ಟಿ ಟೇಪ್ ಹಿಡಿದರೆ ಉದ್ದ 2.07. ಬೆಳಿಗ್ಗೆ ಹುರಿಯನ್ನ ನೆಲದ ಮೇಲೆ ಇಟ್ಟು ಅಳೆದು, ಕಾಯಿಯ ಅರ್ಧ ಸೇರಿಸಿಕೊಂಡಿದ್ದೆವು. ಭಾರಕ್ಕೆ ಅದು ಹಿಗ್ಗಿದೆ. ಹೊಸ ಉದ್ದ ಹಾಕಿದರೆ 9.83. ಈಗ ಯಾವುದು ಸರಿ? ಕಾಯಿಯ ನಡು ಎಲ್ಲಿ ಅನ್ನೋದರಲ್ಲೇ ಒಂದು ಸೆಂಟಿಮೀಟರ್ ಅನುಮಾನ, ನನ್ನ ಹೆಬ್ಬೆರಳಿನ ಅನುಮಾನ ಬೇರೆ. ಎಲ್ಲ ಸೇರಿಸಿದರೆ, 9.7ರಿಂದ 9.9ರ ಒಳಗೆ ಎಲ್ಲೋ ಇದೆ ಅನ್ನಬಹುದು, ಅದಕ್ಕಿಂತ ಹೆಚ್ಚು ಹೇಳೋ ಯೋಗ್ಯತೆ ನಮ್ಮ ಹುರಿಗೆ ಇಲ್ಲ.

ಸಿಮ್ಯುಲೇಷನ್ ಬೇಡ ಅಂತ ನಾನು ಹೇಳ್ತಾ ಇಲ್ಲ. ಜಗಲಿಯಲ್ಲಿ ಆಗದ್ದು ಅದರಲ್ಲಿ ಆಗುತ್ತೆ. ಮಧ್ಯಾಹ್ನ ಫೆಟ್ ತೆಗೆದು ಒಂದು ಮೀಟರಿನ ಲೋಲಕವನ್ನ 60 ಡಿಗ್ರಿಗೆ ಎಳೆದು ಬಿಟ್ಟೆವು. ಒಂದು ತೂಗಾಟಕ್ಕೆ ಎರಡು ಸೆಕೆಂಡ್ ಇದ್ದದ್ದು 2.15 ಆಯ್ತು. 90ಕ್ಕೆ ಎಳೆದರೆ 2.37. ಎಷ್ಟು ಎಳೆದರೂ ಒಂದೇ ಸಮಯ ಅನ್ನೋ ಮಾತು ಸಣ್ಣ ಕೋನಕ್ಕೆ ಮಾತ್ರ. 'ಸಣ್ಣ ಆಂದೋಲನಗಳಿಗೆ' ಅನ್ನೋ ಎರಡು ಪದವನ್ನ ಪುಸ್ತಕ ಯಾಕೆ ಬಿಡದೇ ಹೇಳುತ್ತೆ ಅಂತ ನನಗೆ ಹೊಳೆದದ್ದೂ ಅವತ್ತೇ. ಅಷ್ಟು ಎತ್ತರದಿಂದ ನಿಜವಾದ ಕಾಯಿ ಬಿಟ್ಟಿದ್ದರೆ ಅಕ್ಕನ ಚಟ್ನಿ ಜಗಲಿ ತುಂಬ ಆಗ್ತಾ ಇತ್ತು. ಚಂದ್ರನ ಮೇಲೆ ಅದೇ ಲೋಲಕ ಸುಮಾರು ಐದು ಸೆಕೆಂಡ್ ತಗೊಂಡು ಸೋಮಾರಿ ಹಾಗೆ ತೂಗೋದನ್ನ ಪುಟ್ಟಿ ಬಹಳ ಹೊತ್ತು ನೋಡಿದಳು. ಬೆಳಿಗ್ಗೆ ಇಪ್ಪತ್ತು ಎಣಿಸಿ ಕೈ ನೋಯಿಸಿಕೊಂಡವಳಿಗೆ ಆ ಐದು ಸೆಕೆಂಡ್ ಎಷ್ಟು ಉದ್ದ ಅಂತ ಗೊತ್ತಿತ್ತು.

ಇನ್ನೊಂದು ವಿಷಯ. ಅವಳ ರೆಕಾರ್ಡಿನ 9.81 ಇದೆಯಲ್ಲ, ಅದು ನಮ್ಮೂರಿನದೇ ಅಲ್ಲ. ಭೂಮಿ ಸಮಭಾಜಕದ ಬಳಿ ಸ್ವಲ್ಪ ಉಬ್ಬಿದೆ, ತಿರುಗೋದರ ಪರಿಣಾಮವೂ ಅಲ್ಲೇ ಜಾಸ್ತಿ. ಹಾಗಾಗಿ ಪ್ಯಾರಿಸ್, ಲಂಡನ್ ಕಡೆ 9.81, ನಮ್ಮ ಕಡೆ 9.78. ಇದು ಗೊತ್ತಾದದ್ದೂ ಲೋಲಕದಿಂದಲೇ. 1672ರಲ್ಲಿ ಜಾನ್ ರಿಷೆ ಅನ್ನೋ ಫ್ರೆಂಚ್ ಖಗೋಳಶಾಸ್ತ್ರಜ್ಞ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ, ಸಮಭಾಜಕದ ಹತ್ತಿರದ ಊರು. ಪ್ಯಾರಿಸಿನಲ್ಲಿ ಸರಿಯಾಗಿ ಓಡಬೇಕಾದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬಿತ್ತು. ಸರಿ ಮಾಡೋಕೆ ಲೋಲಕವನ್ನ ಸುಮಾರು 3 ಮಿಲಿಮೀಟರ್ ಗಿಡ್ಡ ಮಾಡಬೇಕಾಯ್ತು. ಗಡಿಯಾರ ಕೆಟ್ಟಿದೆ ಅಂತ ಕೈಬಿಡದೆ, ಪ್ಯಾರಿಸಿನ ಅಂಕಿಯನ್ನೇ ಬರೆದುಕೊಳ್ಳದೆ, ತನಗೆ ಕಂಡದ್ದನ್ನ ಬರೆದಿಟ್ಟ. ಭೂಮಿ ಸರಿಯಾದ ಗೋಲ ಅಲ್ಲ ಅನ್ನೋದಕ್ಕೆ ನ್ಯೂಟನ್ ಮುಂದೆ ಇದನ್ನೇ ಆಧಾರ ಮಾಡಿಕೊಂಡ.

ಇದನ್ನ ಹೇಳಿದ್ದು ಸಂಜೆ, ನಾನು ಬ್ಯಾಗ್ ತುಂಬಿಸ್ತಾ ಇದ್ದಾಗ. ಪುಟ್ಟಿ ಮಂಚದ ಮೇಲೆ ರೆಕಾರ್ಡ್ ಬಿಚ್ಚಿಕೊಂಡು ಕೂತಿದ್ದಳು.

"ಚಿಕ್ಕಿ, ಇದನ್ನ ಬರೀಲಾ?"

"ಯಾವುದನ್ನ?"

"ನಮ್ದು. ಎಲ್ರದ್ದೂ 9.8 ಇರುತ್ತೆ. ನಂದೊಂದೇ ಹಿಂಗಿದ್ರೆ ಸರ್ ಮಾರ್ಕ್ಸ್ ಕಟ್ ಮಾಡ್ತಾರೆ."

ಬರಿ ಅನ್ನೋದು ನನಗೆ ಸುಲಭ. ಅಂಕ ಹೋಗೋದು ನನ್ನದಲ್ಲ. ಅವಳ ಸರ್ ಎಂಥವರೋ ನನಗೆ ಗೊತ್ತಿಲ್ಲ, ನೂರಾರು ರೆಕಾರ್ಡ್ ತಿದ್ದೋ ಅವಸರದಲ್ಲಿ ಯಾರು ಕಾರಣ ಕೇಳ್ತಾರೆ? ನನ್ನ 9.74ರ ಕಥೆ ಹೇಳಿದೆ. ಕ್ಯಾಂಟೀನಿನಲ್ಲಿ ಹೇಳೋ ಹಾಗಲ್ಲ, ಸುಮ್ಮನೆ ಆದದ್ದು ಆದ ಹಾಗೆ. "ಪೂರ್ತಿ ಮಾರ್ಕ್ಸ್ ಬಂತು. ಆದ್ರೆ ನಿನ್ನೆವರೆಗೂ ನಾನು ಒಂದು ಲೋಲಕ ತೂಗಿ ಎಣಿಸಿರಲಿಲ್ಲ ಕಣೇ" ಅಂದೆ. ಯಾವುದನ್ನ ಬರೆದರೂ ನಾನು ಬಯ್ಯೋದಿಲ್ಲ ಅಂತಲೂ ಹೇಳಿದೆ. ಅವಳು ಪೆನ್ಸಿಲ್ ಕಚ್ಚಿಕೊಂಡು ಕೂತಳು. ರೈಲಿಗೆ ಹೊತ್ತಾಗ್ತಾ ಇತ್ತು, ಭಾವ ಬೈಕ್ ಸ್ಟಾರ್ಟ್ ಮಾಡಿದರು, ಹೊರಟೆ.

ಮೊನ್ನೆ ಗುರುವಾರ ಆಫೀಸಿನಲ್ಲಿ ಮೀಟಿಂಗ್ ನಡೀತಾ ಇರುವಾಗ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ರೆಕಾರ್ಡಿನ ಪುಟ. ಹಳೆಯ ಐದು ಸಾಲಿನ ಮೇಲೆ ಬೇರೆ ಹಾಳೆ ಅಂಟಿಸಿದ್ದಾಳೆ. ಮೊದಲ ಸಾಲಿನಲ್ಲಿ 10.7, ಅದರ ಮೇಲೆ ಒಂದೇ ಗೆರೆ, ಕೆಳಗಿನ ಅಂಕಿ ಓದೋಕೆ ಸಿಗುವ ಹಾಗೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಎಣಿಕೆ ತಪ್ಪಿದ್ದು, ಹುರಿ ಹಿಗ್ಗಿದ್ದು. ಗುಂಡು ಅನ್ನೋ ಕಡೆ ಇಂಗ್ಲಿಷಿನಲ್ಲಿ 'ಕೋಕನಟ್' ಅಂತ ಬರೆದುಬಿಟ್ಟಿದ್ದಾಳೆ. ಅದರ ಸುತ್ತ ಕೆಂಪು ಇಂಕಿನಲ್ಲಿ ಒಂದು ದೊಡ್ಡ ವೃತ್ತ.

"ಸೈನ್ ಆಯ್ತಾ?" ಅಂತ ಕೇಳಿದೆ.

"ಇನ್ನೂ ಇಲ್ಲ ಚಿಕ್ಕಿ. ಸೋಮವಾರ ಕಾಯಿ ತಗೊಂಡ್ ಬಾ ಅಂದಿದಾರೆ."